ನಾಲ್ಕಿಂಚಿನ ಗ್ರೈಂಡರ್: ಗಾರ್ಡ್ ಬಿಚ್ಚಬೇಡಿ, ಹಲ್ಲಿನ ಬ್ಲೇಡ್ ಹಾಕಬೇಡಿ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಸಣ್ಣಪುಟ್ಟ ಕೆಲಸಕ್ಕೂ ವೆಲ್ಡರ್ ದಾರಿ ಕಾಯಬೇಕಾಗುತ್ತದೆ ಎಂದು 4 ಇಂಚಿನ ಕೈ ಗ್ರೈಂಡರ್ ತರಿಸಿದ್ದೇನೆ. ಹಳೆಯ ಗೇಟಿನ ತುಕ್ಕು ಕೆರೆಯಬೇಕು, ಕೊಟ್ಟಿಗೆಯ ಮಾಡಿಗೆ ಆಂಗಲ್ ಕತ್ತರಿಸಬೇಕು, ಬಚ್ಚಲುಮನೆಯ ನಾಲ್ಕಾರು ಟೈಲ್ಸ್ ಬದಲಿಸಬೇಕು. ಅಂಗಡಿಯವರು ಮರಕ್ಕೂ ಆಗುತ್ತದೆ ಎಂದು ಹಲ್ಲಿರುವ ಬ್ಲೇಡ್ ಒಂದನ್ನು ಜೊತೆಗೆ ಕೊಟ್ಟಿದ್ದಾರೆ. ಪರಿಚಯದ ವೆಲ್ಡರ್, 'ಗಾರ್ಡ್ ಬಿಚ್ಚಿಡಿ, ಅದಿದ್ದರೆ ಗುರುತು ಕಾಣುವುದಿಲ್ಲ' ಎನ್ನುತ್ತಾರೆ. ಮನೆಯವರು ಮಾತ್ರ ಯಂತ್ರವನ್ನು ಮುಟ್ಟಲೂ ಬಿಡುತ್ತಿಲ್ಲ. ಇದು ನಿಜವಾಗಿಯೂ ಅಷ್ಟು ಅಪಾಯವೇ?

ಉತ್ತರ: ಮೊದಲು ಆ ಹಲ್ಲಿನ ಬ್ಲೇಡಿನ ವಿಚಾರ ಮುಗಿಸೋಣ. ಅದನ್ನು ಅಂಗಡಿಗೆ ಹಿಂದಿರುಗಿಸಿ. ತೆಗೆದುಕೊಳ್ಳದಿದ್ದರೆ ಗುಜರಿಗೆ ಹಾಕಿ. ನೀವು ಹೇಳಿದ ಮೂರೂ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಯಂತ್ರವನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ. ಆದರೆ ಮರ ಕೊಯ್ಯುವುದು ಇದರ ಕೆಲಸವಲ್ಲ.

ಕಬ್ಬಿಣಕ್ಕೆ ಬಳಸುವ ಕಟಿಂಗ್ ಡಿಸ್ಕ್ ವಸ್ತುವನ್ನು ಕಚ್ಚುವುದಿಲ್ಲ, ಸವೆಸುತ್ತಾ ಹೋಗುತ್ತದೆ. ಹಲ್ಲಿನ ಬ್ಲೇಡ್ ಕಚ್ಚುತ್ತದೆ. ಮರದಲ್ಲಿ ಒಂದು ಗಂಟು ಅಡ್ಡ ಬಂದರೆ, ಹಸಿ ಮರ ಸೀಳಿನಲ್ಲಿ ಬಿಗಿದುಕೊಂಡರೆ, ಹಲ್ಲು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆಗ ಬ್ಲೇಡನ್ನು ತಿರುಗಿಸುತ್ತಿದ್ದ ಬಲವೆಲ್ಲ ಯಂತ್ರದ ಕಡೆಗೇ ತಿರುಗಿ, ಅದು ಕೈಯಿಂದ ಎಗರುತ್ತದೆ. ಬಡಗಿಗಳ ಸರ್ಕ್ಯುಲರ್ ಗರಗಸಕ್ಕೆ ಮರದ ಮೇಲೆ ಕೂರುವ ಅಗಲವಾದ ತಳವಿದೆ, ಎತ್ತಿದ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಇದೆ, ಅದರ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 5,000 ಸುತ್ತಿನ ಆಸುಪಾಸು. ನಿಮ್ಮ ಗ್ರೈಂಡರಿಗೆ ತಳವೇ ಇಲ್ಲ, ಗಾರ್ಡ್ ಅರ್ಧ ಮಾತ್ರ, ವೇಗ ಅದರ ಎರಡರಷ್ಟಕ್ಕಿಂತ ಹೆಚ್ಚು. ಬ್ಲೇಡಿನ ಮೇಲೆ 12,000 ಎಂದು ಅಚ್ಚಾಗಿದೆಯಲ್ಲ ಎಂದು ಅಂಗಡಿಯವರು ವಾದಿಸಬಹುದು. ಆ ಸಂಖ್ಯೆ ಬ್ಲೇಡ್ ಎಷ್ಟು ವೇಗ ತಾಳುತ್ತದೆ ಎಂಬುದನ್ನು ಹೇಳುತ್ತದೆ, ನಿಮ್ಮ ಮಣಿಕಟ್ಟು ಎಷ್ಟು ತಾಳುತ್ತದೆ ಎಂಬುದನ್ನಲ್ಲ. ಗರಗಸದ ಸರಪಳಿಯನ್ನೇ ಸುತ್ತಿದ ಡಿಸ್ಕ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬಗ್ಗೆ ಬರೆದು ಜಾಗ ಹಾಳು ಮಾಡುವುದಿಲ್ಲ.

ಈಗ ಗಾರ್ಡ್. ನಿಮ್ಮ ವೆಲ್ಡರ್ ಸುಳ್ಳು ಹೇಳುತ್ತಿಲ್ಲ, ಗಾರ್ಡ್ ಇದ್ದರೆ ಗುರುತು ಸ್ವಲ್ಪ ಮರೆಯಾಗುವುದು ನಿಜ. ಆದರೆ ಈ ಲೆಕ್ಕ ನೋಡಿ. 100 ಮಿ.ಮೀ. ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 57 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಅಂದರೆ ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚು. ಡಿಸ್ಕ್ ಒಡೆದರೆ ಚೂರುಗಳು ಅದೇ ವೇಗದಲ್ಲಿ ಹೊರಡುತ್ತವೆ. ಕಣ್ಣು ರೆಪ್ಪೆ ಮಿಟುಕಿಸುವಷ್ಟು ಸಮಯವೂ ಸಿಗುವುದಿಲ್ಲ. ಆ ಚೂರಿಗೂ ನಿಮ್ಮ ಮುಖಕ್ಕೂ ನಡುವೆ ಇರುವುದು ಆ ತಗಡಿನ ಅರ್ಧಚಂದ್ರ ಒಂದೇ. ಅದು ಒಂದೇ ಕಡೆ ನಿಂತಿರಬೇಕೆಂದೂ ಇಲ್ಲ. ಸ್ಕ್ರೂ ಅಥವಾ ಲಿವರ್ ಸಡಿಲಿಸಿ, ಮುಚ್ಚಿದ ಭಾಗ ನಿಮ್ಮ ಕಡೆಗೂ ತೆರೆದ ಭಾಗ ಕೆಲಸದ ಕಡೆಗೂ ಬರುವಂತೆ ತಿರುಗಿಸಿಕೊಂಡು ಮತ್ತೆ ಬಿಗಿಗೊಳಿಸಬಹುದು. ಗುರುತು ಕಾಣದಿದ್ದರೆ ಯಂತ್ರ ಚಾಲೂ ಮಾಡುವ ಮೊದಲೇ ಡಿಸ್ಕನ್ನು ಗೆರೆಯ ಹತ್ತಿರ ತಂದು, ಎಲ್ಲಿ ನಿಂತರೆ ಕಾಣುತ್ತದೆ ಎಂದು ನೋಡಿಕೊಳ್ಳಿ. ವೆಲ್ಡರ್ ದಿನವಿಡೀ ಅದೇ ಕೆಲಸ ಮಾಡುವವರು, ಅವರ ಕೈಗೆ ಯಂತ್ರದ ಚಾಳಿ ಗೊತ್ತು. ಆದರೂ ಹತ್ತಾರು ವೆಲ್ಡಿಂಗ್ ಅಂಗಡಿ ನೋಡಿದವರಿಗೆ ಮುಂಗೈ ಮೇಲೆ, ಗಲ್ಲದ ಮೇಲೆ ಗೀರು ಗಾಯದ ಕಲೆ ಇರುವವರು ಎಷ್ಟು ಮಂದಿ ಎಂದು ನಾನು ಹೇಳಬೇಕಾಗಿಲ್ಲ.

ಗಾರ್ಡ್ ಬಿಚ್ಚಿದ ಮೇಲೆ ಎರಡನೆಯ ತಪ್ಪಿಗೆ ದಾರಿ ತಾನಾಗಿ ತೆರೆಯುತ್ತದೆ: ದೊಡ್ಡ ಡಿಸ್ಕ್ ಹಾಕುವುದು. ಅಂಟಿನಿಂದ ಗಟ್ಟಿಗೊಳಿಸಿದ ಮಾಮೂಲಿ ಡಿಸ್ಕ್‌ಗಳನ್ನು ತಯಾರಿಸುವುದು ಅಂಚಿನ ವೇಗ ಸೆಕೆಂಡಿಗೆ 80 ಮೀಟರ್ ಮೀರಬಾರದು ಎಂಬ ಲೆಕ್ಕದಲ್ಲಿ. ಡಿಸ್ಕಿನ ಮೇಲೆ ಆ 80 ಎಂಬ ಸಂಖ್ಯೆಯನ್ನೂ ಗರಿಷ್ಠ ಸುತ್ತುಗಳನ್ನೂ ಅಚ್ಚು ಹಾಕಿರುತ್ತಾರೆ. 7 ಇಂಚಿನ ಡಿಸ್ಕ್ ನಿಮಿಷಕ್ಕೆ ಸುಮಾರು 8,500 ಸುತ್ತಿಗೆ ಮಾಡಿದ್ದು. ಅದನ್ನು ನಿಮ್ಮ 4 ಇಂಚಿನ ಯಂತ್ರಕ್ಕೆ ಸಿಕ್ಕಿಸಿದರೆ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. 5 ಇಂಚಿನದು ವೇಗದ ಲೆಕ್ಕದಲ್ಲಿ ಹೇಗೋ ಅಂಚಿನಲ್ಲಿ ಪಾಸಾಗಬಹುದು, ಆದರೆ ಗಾರ್ಡಿನೊಳಗೆ ಹಿಡಿಯುವುದಿಲ್ಲ. ನಡುವಿನ ತೂತಿನ ಅಳತೆಯೂ ಬೇರೆ: ನಮ್ಮಲ್ಲಿ ಸಿಗುವ 4 ಇಂಚಿನ ಡಿಸ್ಕಿಗೆ 16 ಮಿ.ಮೀ., ದೊಡ್ಡವಕ್ಕೆ ಸುಮಾರು 22 ಮಿ.ಮೀ. ತೂತು ದೊಡ್ಡದಾಯಿತೆಂದು ವಾಷರ್, ತಗಡಿನ ಚೂರು, ಟೇಪು ಸುತ್ತಿ ಕೂರಿಸುವುದನ್ನು ನೋಡಿದ್ದೇನೆ. ಮಧ್ಯಕ್ಕೆ ಸರಿಯಾಗಿ ಕೂರದ ಡಿಸ್ಕ್ ಅದುರುತ್ತದೆ, ಅದುರಿದ್ದು ಬಿರುಕು ಬಿಡುತ್ತದೆ.

ಕಟಿಂಗ್ ಡಿಸ್ಕ್ ಒಂದರಿಂದ ಒಂದೂವರೆ ಮಿ.ಮೀ. ದಪ್ಪದ ತೆಳುವಾದ ಬಿಲ್ಲೆ. ತಿಕ್ಕುವ ಕಲ್ಲು ಸುಮಾರು 6 ಮಿ.ಮೀ. ದಪ್ಪ. ಕತ್ತರಿಸಿ ಮುಗಿದ ಮೇಲೆ ಅಂಚಿನ ಒರಟನ್ನು ಅದೇ ತೆಳು ಡಿಸ್ಕಿನ ಮೈಯಿಂದ ಉಜ್ಜಿಬಿಡುವುದು ಎಲ್ಲರ ಅಭ್ಯಾಸ. ಡಿಸ್ಕ್ ಬದಲಿಸುವ ಸೋಮಾರಿತನ, ಮತ್ತೇನಿಲ್ಲ. ತೆಳು ಡಿಸ್ಕ್ ಅಂಚಿನ ಮೇಲೆ ಬೀಳುವ ಒತ್ತಡ ತಡೆಯುತ್ತದೆ, ಪಕ್ಕದ ಒತ್ತಡವನ್ನಲ್ಲ. ಒಳಗಿನ ನೂಲಿನ ಬಲೆ ಒಮ್ಮೆ ಸಡಿಲಗೊಂಡರೆ ಆ ಹೊತ್ತಿಗೆ ಏನೂ ಆಗದೆ, ಮುಂದಿನ ಸಲ ಕತ್ತರಿಸುವಾಗ ಒಡೆಯಬಹುದು.

ಡಿಸ್ಕಿನ ನಡುವಿನ ಲೋಹದ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಕಂಪನಿಯದಾದರೆ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಅದು ತಯಾರಾದ ದಿನವಲ್ಲ, ಮುಗಿಯುವ ಅವಧಿ. ಸಾಮಾನ್ಯವಾಗಿ ತಯಾರಾಗಿ 3 ವರ್ಷ. ಹುಡಿಯನ್ನು ಹಿಡಿದಿಟ್ಟಿರುವ ಅಂಟು ತೇವ ಎಳೆದುಕೊಂಡು ಬಲ ಕಳೆದುಕೊಳ್ಳುತ್ತದೆ ಎಂಬುದೇ ಅವಧಿ ನಿಗದಿಗೆ ಕಾರಣ. ನಿಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಡಿಸ್ಕನ್ನು ಕೊಟ್ಟಿಗೆಯ ಗೋಡೆಯ ಮೊಳೆಗೆ ನೇತುಹಾಕಿದರೆ ಕೇಳಬೇಕೇ? ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ಮಲಗಿಸಿ, ಮನೆಯೊಳಗೆ ಇಡಿ. ಒಮ್ಮೆ ಕೆಳಗೆ ಬಿದ್ದ ಡಿಸ್ಕನ್ನು, ಕಣ್ಣಿಗೆ ಬಿರುಕು ಕಾಣದಿದ್ದರೂ, ಬಳಸಬೇಡಿ.

ಡಿಸ್ಕ್ ಬದಲಿಸುವಾಗ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಬಿಗಿಸುವ ನಟ್ಟಿನ ಒಂದು ಮುಖ ಚಪ್ಪಟೆ, ಇನ್ನೊಂದು ಮುಖದಲ್ಲಿ ಉಬ್ಬು. ಈ ಅಳತೆಯ ಹೆಚ್ಚಿನ ಯಂತ್ರಗಳಲ್ಲಿ ದಪ್ಪ ಕಲ್ಲಿಗೆ ಉಬ್ಬು ಒಳಗೆ, ತೆಳು ಡಿಸ್ಕಿಗೆ ಚಪ್ಪಟೆ ಮುಖ ಒಳಗೆ ಬರಬೇಕು. ಉಲ್ಟಾ ಹಾಕಿದರೆ ನಟ್ಟು ಬಿಗಿಯಾದಂತೆ ಕಂಡರೂ ಡಿಸ್ಕ್ ಒಳಗೆ ಸಡಿಲವಾಗಿಯೇ ಇರುತ್ತದೆ. ಕೈಯಿಂದ ಒಂದು ಸುತ್ತು ತಿರುಗಿಸಿ, ಅಲುಗಾಡಿಸಿ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಯಂತ್ರವನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು, ಏನನ್ನೂ ಮುಟ್ಟಿಸದೆ ಒಂದು ನಿಮಿಷ ಓಡಿಸಿ. ಕೆಟ್ಟ ಡಿಸ್ಕ್ ಆಗಲೇ ಅದುರಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ತಲೆಯ ಮೇಲಿನ ಲಾಕ್ ಗುಂಡಿ ಇರುವುದು ನಿಂತ ಡಿಸ್ಕನ್ನು ಹಿಡಿಯಲು. ತಿರುಗುವಾಗ ಒತ್ತಿದರೆ ಗೇರ್ ಕತೆ ಮುಗಿಯಿತು.

ಯಂತ್ರ ಒದೆಯುವುದು ಎನ್ನುತ್ತಾರಲ್ಲ, ಮನೆಗಳಲ್ಲಿ ಆಗುವ ದೊಡ್ಡ ಗಾಯಗಳಿಗೆ ಅದು ಮುಖ್ಯ ಕಾರಣ. ಅದು ಹೇಗೆ ಆಗುತ್ತದೆಂದು ನಿಮ್ಮ ಕೊಟ್ಟಿಗೆಯ ಆಂಗಲನ್ನೇ ಇಟ್ಟುಕೊಂಡು ನೋಡೋಣ. ಉದ್ದದ ಆಂಗಲಿನ ಎರಡು ತುದಿಯನ್ನು ಎರಡು ಕಲ್ಲಿನ ಮೇಲಿಟ್ಟು ನಟ್ಟನಡುವೆ ಕತ್ತರಿಸಲು ಹೊರಟರೆ, ಅರ್ಧಕ್ಕೆ ಬರುತ್ತಿದ್ದಂತೆ ಅದು ತನ್ನ ಭಾರಕ್ಕೆ ನಡುವೆ ಬಾಗುತ್ತದೆ. ಬಾಗಿದಾಗ ಸೀಳಿನ ಬಾಯಿ ಮುಚ್ಚಿಕೊಂಡು ಡಿಸ್ಕನ್ನು ಎರಡೂ ಕಡೆಯಿಂದ ಹಿಡಿದುಬಿಡುತ್ತದೆ. ಒದೆತ ಬರುವುದು ಆ ಗಳಿಗೆಯಲ್ಲಿ. ಹಾಗಾಗಿ ಉಳಿಯಬೇಕಾದ ಭಾಗವನ್ನು ಬೆಂಚಿಗೆ ಸಿ-ಕ್ಲಾಂಪಿನಿಂದಲೋ ವೈಸಿನಿಂದಲೋ ಭದ್ರವಾಗಿ ಹಿಡಿಸಿ, ಗುರುತು ಬೆಂಚಿನ ಅಂಚಿನಿಂದ ಸ್ವಲ್ಪವೇ ಹೊರಗೆ ಬರಲಿ, ಬೀಳಬೇಕಾದ ತುಂಡು ಹೊರಗೆ ಖಾಲಿ ಚಾಚಿಕೊಂಡಿರಲಿ. ಕತ್ತರಿಸುತ್ತಾ ಹೋದಂತೆ ಆ ತುಂಡು ಕೆಳಗೆ ಜಗ್ಗಿ ಸೀಳು ತೆರೆದುಕೊಳ್ಳುತ್ತದೆ, ಡಿಸ್ಕಿಗೆ ಜಾಗ ಸಿಗುತ್ತದೆ. ತುಂಡು ತೀರಾ ಉದ್ದವಿದ್ದರೆ ಅದರ ಕೆಳಗೆ ಒಂದು ಆಸರೆ ಕೊಡಿ, ಆದರೆ ಅದು ತುಂಡನ್ನು ಮೇಲಕ್ಕೆ ಎತ್ತಿ ಹಿಡಿಯುವಂತಿರಬಾರದು.

ಸರಳನ್ನು ನೆಲದ ಮೇಲಿಟ್ಟು ಎಡಗಾಲಿನಿಂದ ಮೆಟ್ಟಿ, ಹವಾಯಿ ಚಪ್ಪಲಿಯಲ್ಲೇ ಕತ್ತರಿಸುವ ದೃಶ್ಯ ನಮ್ಮಲ್ಲಿ ಎಷ್ಟು ಮಾಮೂಲಿಯೆಂದರೆ ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ಡಿಸ್ಕಿಗೂ ಕಾಲ ಹೆಬ್ಬೆರಳಿಗೂ ಒಂದು ಗೇಣು ಅಂತರ. ಯಂತ್ರ ಒದೆದರೆ ಆ ಗೇಣು ಎಲ್ಲಿ ಸಾಕು?

ಕತ್ತರಿಸುವಾಗ ಯಂತ್ರಕ್ಕೆ ಎರಡೂ ಕೈ ಬೇಕು. ಡಬ್ಬಿಯಲ್ಲಿ ಬಂದಿರುವ ಪಕ್ಕದ ಹಿಡಿಯನ್ನು ಹೆಚ್ಚಿನವರು ಅಲ್ಲಿಯೇ ಬಿಟ್ಟಿರುತ್ತಾರೆ, ಅದನ್ನು ತೆಗೆದು ಸಿಕ್ಕಿಸಿ. ಡಿಸ್ಕ್ ತಿರುಗುವ ಗೆರೆಯ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತುಕೊಳ್ಳಿ. ಪೂರ್ತಿ ವೇಗ ಬಂದ ಮೇಲೆ ಡಿಸ್ಕನ್ನು ಕಬ್ಬಿಣಕ್ಕೆ ಮೆಲ್ಲನೆ ತಾಗಿಸಿ. ಒತ್ತಬೇಡಿ, ಯಂತ್ರದ ಭಾರವೇ ಬಹುಮಟ್ಟಿಗೆ ಸಾಕು. ಸದ್ದು ತಗ್ಗಿ ಮೋಟಾರ್ ಏದುಸಿರು ಬಿಡುತ್ತಿದ್ದರೆ ನೀವು ಒತ್ತುತ್ತಿದ್ದೀರಿ ಎಂದೇ ಅರ್ಥ. ಸೀಳು ಓರೆಯಾಯಿತೆಂದು ಡಿಸ್ಕನ್ನು ಒಳಗೇ ತಿರುಚಿ ಸರಿಪಡಿಸಲು ಹೋಗಬೇಡಿ, ಹೊರತೆಗೆದು ಹೊಸದಾಗಿ ಶುರುಮಾಡಿ. ದಿಕ್ಕಿನ ವಿಷಯದಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಯಂತ್ರವನ್ನು ನೀವು ಸ್ವಲ್ಪ ಬಲ ಕೊಟ್ಟು ಮುಂದೆ ಸಾಗಿಸಬೇಕಾಗಿದ್ದರೆ ದಿಕ್ಕು ಸರಿ ಇದೆ. ಅದು ತಾನಾಗಿಯೇ ಸೀಳಿನುದ್ದಕ್ಕೆ ಓಡಲು ನೋಡುತ್ತಿದ್ದರೆ ನಿಲ್ಲಿಸಿ, ಎದುರು ತುದಿಯಿಂದ ಬನ್ನಿ. ಕೆಲಸ ಮುಗಿಸಿ ಸ್ವಿಚ್ ಆರಿಸಿದ ಮೇಲೂ ಡಿಸ್ಕ್ ಹಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ನಿಂತ ಮೇಲೆಯೇ ಕೆಳಗಿಡಿ. ಬಿದ್ದ ತುಂಡು ಕಪ್ಪಗೆ ತಣ್ಣಗಿರುವಂತೆ ಕಾಣುತ್ತದೆ, ಬರಿಗೈಯಲ್ಲಿ ಎತ್ತಿಕೊಂಡವರಿಗೆ ಮಾತ್ರ ಸತ್ಯ ತಿಳಿಯುತ್ತದೆ.

ನಮ್ಮ ಊರುಗಳಿಗೆಂದೇ ಇರುವ ಒಂದು ಅಪಾಯವನ್ನು ಯಂತ್ರದ ಜೊತೆ ಬರುವ ಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಗಿಸಿರುತ್ತದೆ: ಕರೆಂಟ್ ಹೋಗುವುದು. ಕಡಿಮೆ ಬೆಲೆಯ ಬಹಳಷ್ಟು ಗ್ರೈಂಡರ್‌ಗಳ ಸ್ವಿಚ್ ಮುಂದಕ್ಕೆ ತಳ್ಳಿದರೆ ಅಲ್ಲಿಯೇ ಕಚ್ಚಿ ನಿಲ್ಲುವಂಥದ್ದು. ಕತ್ತರಿಸುತ್ತಿರುವಾಗ ಕರೆಂಟ್ ಹೋಯಿತು, ಯಂತ್ರ ನಿಂತಿತು, ನೀವು ಅದನ್ನು ನೆಲಕ್ಕಿಟ್ಟು ಕಾಫಿಗೆ ಹೋದಿರಿ. ಇಪ್ಪತ್ತು ನಿಮಿಷದ ಮೇಲೆ ಕರೆಂಟ್ ಬಂದಾಗ ಆ ಯಂತ್ರ ಅಂಗಳದಲ್ಲಿ ಒಬ್ಬಂಟಿಯಾಗಿ ಎದ್ದು ಓಡಾಡತೊಡಗುತ್ತದೆ, ಮಕ್ಕಳಿರಲಿ ನಾಯಿಯಿರಲಿ ನೋಡುವುದಿಲ್ಲ. ಆದ್ದರಿಂದ ಕರೆಂಟ್ ಹೋದ ಕೂಡಲೇ ಸ್ವಿಚ್ ಹಿಂದಕ್ಕೆಳೆಯಿರಿ, ಪ್ಲಗ್ ಕೀಳಿರಿ. ಇನ್ನೂ ಕೊಳ್ಳದವರಿಗೆ ನನ್ನ ಸಲಹೆ: ಒತ್ತಿ ಹಿಡಿದಿದ್ದರಷ್ಟೇ ಓಡುವ, ಕೈ ಬಿಟ್ಟರೆ ನಿಲ್ಲುವ ಸ್ವಿಚ್ಚಿನ ಯಂತ್ರಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಲುಕ್ಸಾನಿಲ್ಲ.

ವಿದ್ಯುತ್ತಿನ ಉಳಿದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 850 ವಾಟಿನ ಯಂತ್ರ 4 ಆಂಪಿಯರಿಗಿಂತ ಕಡಿಮೆ ಎಳೆಯುವುದರಿಂದ ಮಾಮೂಲಿ 6 ಆಂಪಿಯರ್ ಸಾಕೆಟ್ ಸಾಕು. 2,000 ವಾಟಿನ 7 ಇಂಚಿನದಾದರೆ 16 ಆಂಪಿಯರಿನದೇ ಬೇಕು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟ ವೈರು ಬಿಸಿಯಾಗುತ್ತದೆ. ನಿಮ್ಮ ಯಂತ್ರಕ್ಕೆ ಎರಡೇ ಪಿನ್ ಇದ್ದು, ಹಣೆಪಟ್ಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಗಾಬರಿ ಬೇಡ, ಅದು ಎರಡು ಪದರದ ಇನ್ಸುಲೇಶನ್ ಇರುವ ಯಂತ್ರ. ಹಾಗೆಂದು ಒದ್ದೆ ನೆಲದಲ್ಲಿ ನಿಂತು ಬಳಸಬಹುದು ಎಂದಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಗ್ರೈಂಡರಿನ ನೆಪದಲ್ಲಾದರೂ ಹಾಕಿಸಿ.

ಗೇಟಿನ ತುಕ್ಕಿಗೆ ಕಲ್ಲು ಬಳಸಬೇಡಿ, ಕಬ್ಬಿಣವನ್ನೇ ತಿಂದು ಗುಂಡಿ ಮಾಡುತ್ತದೆ. ತಂತಿಯ ಬ್ರಷ್ ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಅದರ ತಂತಿಗಳು ಒಂದೊಂದಾಗಿ ಕಿತ್ತು ಸೂಜಿಯಂತೆ ಹಾರುತ್ತವೆ, ಬಟ್ಟೆ ದಾಟಿ ಹೊಟ್ಟೆಯ ಚರ್ಮದಲ್ಲಿ ನಾಟಿಕೊಳ್ಳುತ್ತವೆ. ಮರಳು ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಫ್ಲ್ಯಾಪ್ ಡಿಸ್ಕ್, 60 ಅಥವಾ 80ರ ನಂಬರಿನದು, ಹೊಸಬರ ಕೈಗೆ ಹೆಚ್ಚು ಹದವಾದದ್ದು. ಸಂದುಗೊಂದುಗಳಿಗೆ ಮಾತ್ರ ತಂತಿ ಬ್ರಷ್ ಇರಲಿ, ಅದೂ ಯಂತ್ರದ ವೇಗಕ್ಕೆ ತಕ್ಕದ್ದು. ಗೇಟ್ ಹಳೆಯದು ಎಂದಿರುವುದರಿಂದ ಇನ್ನೊಂದು ಮಾತು. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದೀತು ಎಂದುಕೊಂಡೇ ಕೆಲಸ ಮಾಡಿ. ಮಾಸ್ಕ್ ಹಾಕಿಕೊಳ್ಳಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಹುಡಿ ಸಂಗ್ರಹಿಸಿ, ಮಕ್ಕಳನ್ನು ಹತ್ತಿರ ಸೇರಿಸಬೇಡಿ. ಕಿಡಿ ಹೆಚ್ಚು ಹಾರುತ್ತಿದ್ದರೆ ಮಾತ್ರ ಆ ಹಾಳೆಯ ಬದಲು ಹಳೆಯ ತಗಡು ಹಾಕಿ.

ಟೈಲ್ಸ್ ನಾಲ್ಕಾರು ಮಾತ್ರವಾದರೆ ಗ್ರೈಂಡರನ್ನೇ ಮರೆಯಿರಿ. ಗೆರೆ ಎಳೆದು ಒತ್ತಿ ಮುರಿಯುವ ಕೈ ಟೈಲ್ ಕಟರ್ ಗಾರೆಯವರ ಬಳಿ ಬಾಡಿಗೆಗೆ ಸಿಗುತ್ತದೆ. ಧೂಳಿಲ್ಲ, ಸದ್ದಿಲ್ಲ. ನಲ್ಲಿಯ ಸುತ್ತ ಬಾಗಿದ ಆಕಾರ ಬೇಕಾದಾಗ ಮಾತ್ರ ಡೈಮಂಡ್ ಬ್ಲೇಡ್ ಹಾಕಿ, ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ಕತ್ತರಿಸಿ. ಒಬ್ಬರು ಕತ್ತರಿಸುವುದು, ಇನ್ನೊಬ್ಬರು ಚೊಂಬಿನಿಂದ ನೀರು ಹೊಯ್ಯುತ್ತಾ ನಿಲ್ಲುವುದು ಬೇಡ. ನೀರಿನ ಪೈಪ್ ಜೋಡಿಸಲೆಂದೇ ತಯಾರಾದ ಯಂತ್ರಗಳು ಬೇರೆ ಇವೆ, ನಿಮ್ಮದು ಅದಲ್ಲ. ಟೈಲ್ಸ್, ಗ್ರಾನೈಟ್, ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇದೆ. ಅದು ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ಮುಖಕ್ಕೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ, ಕನಿಷ್ಠ ಎನ್95 ಮಾಸ್ಕ್ ಬೇಕು.

ಕೊಟ್ಟಿಗೆಯ ಮಾಡು ಎಂದಿರಿ. ಹಳೆಯ ಸಿಮೆಂಟ್ ಶೀಟ್ ಹೊದಿಸಿದ್ದರೆ ಅದು ಕಲ್ನಾರಿನದ್ದು (ಆಸ್ಬೆಸ್ಟಾಸ್) ಎಂದೇ ತಿಳಿಯಿರಿ. ಅದನ್ನು ಗ್ರೈಂಡರಿನಿಂದ ಮುಟ್ಟಲೇಬೇಡಿ, ಪೈಪಿಗೆ ಒಂದು ತೂತು ಮಾಡುವುದಕ್ಕೂ. ಕಲ್ನಾರಿನ ಎಳೆ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ವೈದ್ಯಲೋಕಕ್ಕೆ ಅನುಮಾನ ಉಳಿದಿಲ್ಲ. ಬೋಲ್ಟ್ ಬಿಚ್ಚಿ, ನೀರು ಚಿಮುಕಿಸಿ, ಇಡೀ ಶೀಟನ್ನು ಮುರಿಯದೆ ಇಳಿಸಿ.

ಕಿಡಿಗಳು ಹಲವು ಮೀಟರ್ ದೂರ ಹೋಗುತ್ತವೆ. ಒಣಗಿದ ಸೋಗೆ, ಅಡಿಕೆ ಸಿಪ್ಪೆಯ ರಾಶಿ, ಹುಲ್ಲಿನ ಬಣವೆ, ಜಗಲಿಯ ಪಕ್ಕ ನಿಲ್ಲಿಸಿದ ಸ್ಕೂಟರ್, ಬಣ್ಣಕ್ಕೆ ತಂದ ಟಿನ್ನರ್ ಡಬ್ಬಿ ಎಲ್ಲವನ್ನೂ ಕೆಲಸದ ಮೊದಲು ದೂರ ಸರಿಸಿ ಅಥವಾ ನೀವೇ ದೂರ ಸರಿಯಿರಿ. ಬಕೆಟ್ ನೀರು ಪಕ್ಕದಲ್ಲಿರಲಿ. ಕೆಲಸ ನಿಲ್ಲಿಸಿ ಅರ್ಧ ಗಂಟೆಯವರೆಗೆ ಆಗಾಗ ಹೋಗಿ ನೋಡಿ, ಹುಲ್ಲಿನೊಳಗೆ ಬಿದ್ದ ಕಿಡಿ ಹೊಗೆಯಾಡಲು ಹೊತ್ತು ತೆಗೆದುಕೊಳ್ಳುತ್ತದೆ. ಕಿಟಕಿಯ ಗಾಜಿನ ಮೇಲೆ, ಕಾರಿನ ಮೇಲೆ ಬಿದ್ದ ಕಿಡಿ ಅಲ್ಲಿಯೇ ಕರಗಿ ಅಂಟಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಅಲ್ಲೆಲ್ಲ ಕೆಂಪು ಚುಕ್ಕೆ ಏಳುತ್ತದೆ, ಏನು ಒರೆಸಿದರೂ ಹೋಗುವುದಿಲ್ಲ. ಮುಚ್ಚಿದ ಡ್ರಮ್ಮನ್ನು, ಮುಖ್ಯವಾಗಿ ಎಣ್ಣೆ, ಪೆಟ್ರೋಲ್, ಟಿನ್ನರ್ ತುಂಬಿದ್ದದ್ದನ್ನು, ಎಷ್ಟೇ ಹಳೆಯದಾದರೂ ಕತ್ತರಿಸಬೇಡಿ. ಖಾಲಿ ಡ್ರಮ್ಮಿನಲ್ಲಿ ಉಳಿದ ಆವಿಯೇ ಸಿಡಿಯುವುದು.

ಮೈಮೇಲೆ ಏನಿರಬೇಕು ಎನ್ನುವುದಕ್ಕಿಂತ ಏನಿರಬಾರದು ಎನ್ನುವುದು ಮೊದಲು: ಲುಂಗಿ, ಶಾಲು, ವೇಲ್, ಸೆರಗು, ನೈಲಾನ್ ಅಂಗಿ, ಕತ್ತಿನಿಂದ ಜೋಲುವ ಸರ. ಬಗ್ಗಿದಾಗ ಹೊರಬರುವ ಜನಿವಾರವನ್ನೂ ಅಂಗಿಯೊಳಗೆ ಸೇರಿಸಿ. ಹತ್ತಿಯ ಪ್ಯಾಂಟು, ತುಂಬುತೋಳಿನ ಹತ್ತಿ ಅಂಗಿ, ಬೂಟು ಸರಿ. ಸಡಿಲವಾದ ನೂಲಿನ ಕೈಗವಸು ಡಿಸ್ಕಿಗೆ ಸಿಕ್ಕಿ ಕೈಯನ್ನೇ ಎಳೆದೊಯ್ಯುತ್ತದೆ. ಹಾಕುವುದಾದರೆ ಬೆರಳಿಗೆ ಅಂಟಿ ಕೂರುವ ಚರ್ಮದ್ದು ಹಾಕಿ. ಕಿವಿಗೆ ಪ್ಲಗ್. ಓದುವ ಕನ್ನಡಕವನ್ನು ರಕ್ಷಣೆ ಎಂದುಕೊಳ್ಳಬೇಡಿ, ಕಿಡಿ ಪಕ್ಕದಿಂದ ಬರುತ್ತದೆ. ಸುತ್ತಲೂ ಮುಚ್ಚುವ ಗಾಗಲ್ಸ್, ಅದರ ಮೇಲೆ ಮುಖದ ಪಾರದರ್ಶಕ ಕವಚ, ಎರಡೂ ಬೇಕು. ಬರೀ ಕವಚವಿದ್ದರೆ ಕೆಳಗಿನ ಸಂದಿಯಿಂದ ಚೂರು ನುಗ್ಗುತ್ತದೆ.

ಇಷ್ಟೆಲ್ಲ ಮಾಡಿಯೂ ಗಾಯವಾದರೆ ಅರಿಶಿನ, ಕಾಫಿಪುಡಿ ತುಂಬಬೇಡಿ. ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಅದುಮಿ, ಕೈಯನ್ನು ಎದೆಗಿಂತ ಮೇಲೆ ಹಿಡಿದು ಹೊರಡಿ, ಗಾಯ ದೊಡ್ಡದಾದರೆ 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ, ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು. ಕಣ್ಣಿಗೆ ಕಬ್ಬಿಣದ ಕಣ ಬಿದ್ದರೆ ಉಜ್ಜುವುದು, ಸೆರಗಿನ ತುದಿಯಿಂದ ತೆಗೆಸಿಕೊಳ್ಳುವುದು ಯಾವುದೂ ಬೇಡ. ಸಂಜೆಯ ಹೊತ್ತಿಗೆ ಉರಿ ಕಡಿಮೆಯಾಯಿತೆಂದು ಸುಮ್ಮನಾಗಲೂಬೇಡಿ. ಕಣ ಕಪ್ಪುಗುಡ್ಡೆಯ ಮೇಲೆ ಕೂತಿದ್ದರೆ ಒಂದೆರಡು ದಿನದಲ್ಲೇ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ, ಆಮೇಲೆ ಅದನ್ನೂ ಕೆರೆದು ತೆಗೆಯಬೇಕಾಗುತ್ತದೆ. ಕಣ್ಣಿನ ವೈದ್ಯರ ಬಳಿಗೇ ಹೋಗಿ, ಗ್ರೈಂಡರಿನಿಂದ ಆದದ್ದು ಎಂದು ಸ್ಪಷ್ಟವಾಗಿ ಹೇಳಿ. ಮುಂದೆ ಯಾವಾಗಲಾದರೂ, ಬೇರೆ ಯಾವುದೋ ಕಾರಣಕ್ಕೆ, ಎಂಆರ್‌ಐ ಸ್ಕ್ಯಾನಿಂಗ್ ಎಂದರೆ ಅಲ್ಲಿಯವರಿಗೂ ಈ ಸಂಗತಿ ತಿಳಿಸಿ. ಆ ಯಂತ್ರದ ಅಯಸ್ಕಾಂತ ಕಣ್ಣೊಳಗೆ ಉಳಿದ ಕಬ್ಬಿಣದ ಚೂರನ್ನು ಎಳೆಯುತ್ತದೆ.